ಬೆರಳಿಟ್ಟರೆ ಗುಂಯ್, ತಂತಿ ಮೀಟಿದರೆ ಮೌನ

ಆಂಪ್ಲಿಫೈಯರ್‌ಗೆ ಸಿಕ್ಕಿಸಿದ ವೈರಿನ ಇನ್ನೊಂದು ತುದಿಯ ಪಿನ್ನನ್ನು ಬೆರಳಿನಿಂದ ಮುಟ್ಟಿದರೆ ಸ್ಪೀಕರ್ ‘ಗುಂಯ್’ ಎನ್ನುತ್ತದೆ. ಗಣೇಶನ ಪೆಂಡಾಲಿನಲ್ಲಿ ಮೈಕ್‌ಸೆಟ್‌ನವರು ವೈರು ಪರೀಕ್ಷಿಸುವುದೂ ಹೀಗೆಯೇ. ಮೈಕು ಚುಚ್ಚುವ ಮೊದಲು ಪಿನ್ನಿನ ಮೇಲೆ ಹೆಬ್ಬೆರಳು ಒತ್ತುತ್ತಾರೆ. ಸದ್ದು ಬಂದರೆ ವೈರು ಪಾಸು. ಬೆರಳಿನಲ್ಲಿ ಬ್ಯಾಟರಿ ಇಲ್ಲ, ಕಂಪಿಸುವ ತಂತಿಯೂ ಇಲ್ಲ. ಸದ್ದು ಬಂದದ್ದು ಎಲ್ಲಿಂದ?

ಈ ಒಗಟನ್ನು ಬಿಡಿಸಿಕೊಂಡವರಿಗೆ ಮನೆಯಲ್ಲೇ ಬೆಸೆದು ಕಟ್ಟಿದ ಗಿಟಾರ್ ಪೆಡಲ್ ಮೂಕವಾಗಿ ಕೂತಾಗ ದುಬಾರಿ ಉಪಕರಣ ಬೇಕಾಗುವುದಿಲ್ಲ. ಪೆಡಲ್ ಎಂದರೆ ಗಿಟಾರಿಗೂ ಆಂಪ್ಲಿಫೈಯರ್‌ಗೂ ನಡುವೆ ನೆಲದ ಮೇಲಿಟ್ಟು, ಕಾಲಿನಿಂದ ಒತ್ತಿ ಸದ್ದಿನ ಬಣ್ಣ ಬದಲಿಸುವ ಪುಟ್ಟ ಡಬ್ಬಿ. ಬೆಂಗಳೂರಿನ ಬಾಗಲಗುಂಟೆಯಂಥ ಕಡೆ ಇದನ್ನು ಕಟ್ಟಲು ಬೇಕಾದ್ದೆಲ್ಲ ಕೈಗೆಟುಕುವ ದೂರದಲ್ಲಿದೆ. ನಾಗಸಂದ್ರದಲ್ಲಿ ಮೆಟ್ರೊ ಹತ್ತಿದರೆ ಹಸಿರು ಮಾರ್ಗದಲ್ಲಿ ಎಲ್ಲೂ ಬದಲಿಸದೆ ಚಿಕ್ಕಪೇಟೆಗೆ ಹೋಗಬಹುದು. ಅಲ್ಲಿಂದ ಎಸ್.ಪಿ. ರೋಡಿಗೆ ನಡೆದರೆ ರೆಸಿಸ್ಟರು, ಕೆಪಾಸಿಟರು, ಜ್ಯಾಕು ಎಲ್ಲವೂ ಬಿಡಿಬಿಡಿಯಾಗಿ ಸಿಗುತ್ತವೆ. ಅಲ್ಯೂಮಿನಿಯಂ ಡಬ್ಬಿಗೆ ತೂತು ಕೊರೆಯಲು ಪೀಣ್ಯ ಕೈಗಾರಿಕಾ ಪ್ರದೇಶ ಪಕ್ಕದಲ್ಲೇ ಇದೆ. ಎಲ್ಲಿಯೂ ಸಿಗದ ಸಾಮಾನು ಒಂದೇ: ಕಟ್ಟಿದ್ದು ಮೊದಲ ಸಲಕ್ಕೇ ಕೆಲಸ ಮಾಡುತ್ತದೆ ಎಂಬ ಖಾತ್ರಿ.

ಗುಂಯ್ ಎನ್ನುವ ಬೆರಳು

ಮನೆಯ ಗೋಡೆಯೊಳಗಿನ ವೈರುಗಳಲ್ಲಿ 230 ವೋಲ್ಟಿನ ಒತ್ತಡ ಸೆಕೆಂಡಿಗೆ 50 ಸಲ ಹಿಂದೆ ಮುಂದೆ ತೂಗುತ್ತಿರುತ್ತದೆ. ಆ ವೈರಿಗೂ ಕೋಣೆಯಲ್ಲಿ ನಿಂತವರ ಮೈಗೂ ನಡುವೆ ಬರೀ ಗಾಳಿ. ಗಾಳಿಯನ್ನು ದಾಟಿ ಕರೆಂಟು ಹರಿಯುವುದಿಲ್ಲ ಎಂಬುದು ಶಾಲೆಯ ಪಾಠ. ಆದರೆ ತೂಗಾಟ ದಾಟುತ್ತದೆ. ನೀರಿನ ಪೈಪಿನ ನಡುವೆ ರಬ್ಬರ್ ಹಾಳೆ ಬಿಗಿದರೆ ಒಂದು ಹನಿ ನೀರೂ ಆಚೆ ಹೋಗದು. ಆದರೂ ಈ ಕಡೆ ನೀರನ್ನು ತಳ್ಳಿ ಎಳೆದರೆ ಹಾಳೆ ಉಬ್ಬಿ ತಗ್ಗಿ, ಆ ಕಡೆಯ ನೀರೂ ಅಲುಗುತ್ತದೆ. ಕೆಪಾಸಿಟರ್ ಎಂಬ ಬಿಡಿಭಾಗದ ಕೆಲಸವೆಲ್ಲ ಇಷ್ಟೇ: ನಿಂತ ಒತ್ತಡವನ್ನು ತಡೆಯುವುದು, ತೂಗಾಟವನ್ನು ದಾಟಿಸುವುದು. ಗೋಡೆಯ ವೈರು, ನಡುವಿನ ಗಾಳಿ, ಮನುಷ್ಯನ ಮೈ ಮೂರೂ ಸೇರಿ ಯಾರೂ ಕಟ್ಟದ ಒಂದು ಕೆಪಾಸಿಟರ್ ಆಗಿವೆ.

ಅದರ ಮೂಲಕ ಮೈಗೆ ಬರುವ ಕರೆಂಟು ಆಂಪಿಯರ್‌ನ ಒಂದು ಕೋಟಿಯಲ್ಲೊಂದು ಭಾಗದ ಆಸುಪಾಸಿನದು; ಚರ್ಮಕ್ಕೆ ತಿಳಿಯುವುದೇ ಇಲ್ಲ. ಆದರೆ ಗಿಟಾರ್ ಆಂಪ್ಲಿಫೈಯರಿನ ಬಾಯಿ ಅತಿ ಸೂಕ್ಷ್ಮ. ಗಿಟಾರಿನ ಪಿಕಪ್ಪು, ಅಂದರೆ ಅಯಸ್ಕಾಂತದ ಸುತ್ತ ಸಾವಿರಾರು ಸುತ್ತು ಸುತ್ತಿದ ಕೂದಲೆಳೆಯಂಥ ತಾಮ್ರದ ತಂತಿ, ಹುಟ್ಟಿಸುವುದೇ ವೋಲ್ಟಿನ ಹತ್ತನೇ ಒಂದು ಭಾಗದಷ್ಟು. ಬೆರಳು ತರುವ ತೂಗಾಟವೂ ಹೆಚ್ಚುಕಡಿಮೆ ಅಷ್ಟೇ. ಹೀಗಾಗಿ ಆಂಪ್ಲಿಫೈಯರಿಗೆ ಬೆರಳೂ ಒಂದು ಗಿಟಾರು.

ದುರಸ್ತಿಯ ಮೊದಲ ಉಪಕರಣ ಹೀಗೆ ಪುಕ್ಕಟೆಯಾಗಿ ಸಿಕ್ಕಿತು. ಪೆಡಲಿನ ಒಂಬತ್ತು ವೋಲ್ಟಿನ ಬ್ಯಾಟರಿಯಿಂದ ಬೆರಳಿಗೆ ಅಪಾಯವಿಲ್ಲ. ಆಂಪ್ಲಿಫೈಯರಿನ ಒಳಗೆ ಮಾತ್ರ ಕೈ ಹಾಕಬಾರದು. ವಾಲ್ವ್ ಇರುವ ಆಂಪ್ಲಿಫೈಯರಿನಲ್ಲಂತೂ ಪ್ಲಗ್ ಕಿತ್ತ ಮೇಲೂ ನೂರಾರು ವೋಲ್ಟು ಉಳಿದಿರುತ್ತದೆ.

ಕೆಟ್ಟ ಯಂತ್ರದಿಂದ ಹುಟ್ಟಿದ ನಾದ

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವ ಪೆಡಲ್ ‘ಫಝ್’. ಸದ್ದನ್ನು ಒಡೆದು, ಗರಗರ ಮಾಡಿ, ಉದ್ದಕ್ಕೆ ಎಳೆಯುವಂಥದ್ದು. ತಮಾಷೆಯೆಂದರೆ ಇದರ ಹುಟ್ಟೇ ಒಂದು ದೋಷದಿಂದ. 1961ರಲ್ಲಿ ಬಿಡುಗಡೆಯಾದ ಮಾರ್ಟಿ ರಾಬಿನ್ಸ್‌ನ ‘ಡೋಂಟ್ ವರಿ’ ಹಾಡನ್ನು ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಧ್ವನಿಮುದ್ರಿಸುವಾಗ ಗ್ರೇಡಿ ಮಾರ್ಟಿನ್ ನುಡಿಸಿದ ಬಾಸ್ ಗಿಟಾರಿನ ದನಿ, ಕೆಟ್ಟುಹೋದ ಮಿಕ್ಸರಿನ ಒಂದು ದಾರಿಯಲ್ಲಿ ಹಾದು ಚಿಂದಿಯಾಗಿ ಹೊರಬಂತು. ಅದನ್ನು ಅಳಿಸದೆ ಹಾಗೆಯೇ ಉಳಿಸಿಕೊಂಡರು. ಧ್ವನಿಮುದ್ರಣ ಎಂಜಿನಿಯರ್ ಗ್ಲೆನ್ ಸ್ನಾಡಿ ಅದೇ ಕೆಟ್ಟ ಸದ್ದನ್ನು ಬೇಕೆಂದಾಗ ತರಿಸುವ ಟ್ರಾನ್ಸಿಸ್ಟರ್ ಸರ್ಕೀಟು ಕಟ್ಟಿದರು. 1962ರಲ್ಲಿ ಅದು ‘ಮೇಸ್ಟ್ರೊ ಫಝ್-ಟೋನ್’ ಎಂಬ ಪೆಡಲ್ ಆಗಿ ಮಾರುಕಟ್ಟೆಗೆ ಬಂತು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ‘ಸ್ಯಾಟಿಸ್ಫ್ಯಾಕ್ಷನ್’ ಹಾಡು ಅದನ್ನು ಮನೆಮಾತಾಗಿಸಿತು. ಮರುವರ್ಷ ಲಂಡನ್ನಿನಲ್ಲಿ ಆರ್ಬಿಟರ್ ಕಂಪನಿ ತಂದ ‘ಫಝ್ ಫೇಸ್’ನಲ್ಲಿ ಇದ್ದದ್ದು ಎರಡೇ ಟ್ರಾನ್ಸಿಸ್ಟರು, ಮೂರು ಕೆಪಾಸಿಟರು, ಬೆರಳೆಣಿಕೆಯ ರೆಸಿಸ್ಟರು. ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಕಾಲಡಿ ಇದ್ದದ್ದು ಇದೇ. ಮನೆಯಲ್ಲಿ ಪೆಡಲ್ ಕಟ್ಟುವವರಲ್ಲಿ ಬಹಳ ಮಂದಿ ಇವತ್ತಿಗೂ ಓನಾಮ ಹಾಕುವುದು ಇದರಿಂದಲೇ.

ಮೊದಲು ಬಂದ ಫಝ್ ಫೇಸ್‌ಗಳಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರುಗಳಿದ್ದವು, ಆಮೇಲೆ ಸಿಲಿಕಾನಿನ ಬಿಸಿ 108 ಬಂತು. ಅದರ ಅಣ್ಣನಂತಿರುವ ಬಿಸಿ 107 ಕರ್ನಾಟಕದ ಎಂಜಿನಿಯರಿಂಗ್, ಡಿಪ್ಲೊಮಾ ಲ್ಯಾಬುಗಳಲ್ಲಿ ಕೈಯಾಡಿಸಿದವರಿಗೆಲ್ಲ ಪರಿಚಿತ. ಬಾಗಲಗುಂಟೆಗೆ ಹತ್ತಿರದ ಜಾಲಹಳ್ಳಿಯಲ್ಲಿರುವ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ 1954ರಲ್ಲಿ ಶುರುವಾದ ಬಿಇಎಲ್, 1962ರಲ್ಲೇ ಜರ್ಮೇನಿಯಂ ಬಿಡಿಭಾಗಗಳ ತಯಾರಿಕೆಗೆ ಇಳಿದಿತ್ತು. ನ್ಯಾಶ್‌ವಿಲ್‌ನ ಮೊದಲ ಫಝ್ ಪೆಡಲ್ ಅಂಗಡಿಗೆ ಬಂದ ವರ್ಷವೂ ಅದೇ.

ನೆಲ, ತಾರಸಿ ಮತ್ತು ನಡುವಿನ ಉಯ್ಯಾಲೆ

ಟ್ರಾನ್ಸಿಸ್ಟರಿಗೆ ಮೂರು ಕಾಲು: ಬೇಸ್, ಕಲೆಕ್ಟರ್, ಎಮಿಟರ್. ನಲ್ಲಿಗೆ ಹೋಲಿಸುವುದಾದರೆ ಬೇಸ್ ತಿರುಪು. ಕಲೆಕ್ಟರಿನಿಂದ ಎಮಿಟರಿಗೆ ಹರಿಯುವುದು ನೀರು. ತಿರುಪನ್ನು ಚೂರು ಅಲುಗಿಸಿದರೆ ಧಾರೆ ಬಹಳಷ್ಟು ಏರಿಳಿಯುತ್ತದೆ. ಸದ್ದು ದೊಡ್ಡದಾಗುವುದು ಹೀಗೆ.

ಆದರೆ ನಲ್ಲಿ ಪೂರ್ತಿ ಮುಚ್ಚಿದ್ದರೆ ತಿರುಪನ್ನು ಇನ್ನೂ ಮುಚ್ಚುವ ದಿಕ್ಕಿಗೆ ಅಲುಗಿಸಿ ಪ್ರಯೋಜನವಿಲ್ಲ. ಪೂರ್ತಿ ತೆರೆದಿದ್ದರೂ ಅಷ್ಟೇ. ಗಿಟಾರಿನ ಅಲೆ ಮೇಲೂ ಹೋಗಬೇಕು, ಕೆಳಗೂ ಬರಬೇಕು. ಆದ್ದರಿಂದ ತಂತಿ ಮೀಟುವ ಮೊದಲೇ ನಲ್ಲಿಯನ್ನು ಅರ್ಧ ತೆರೆದು ಇಟ್ಟಿರಬೇಕು. ಇಂಜಿನಿಯರುಗಳು ‘ಬಯಾಸ್’ ಎನ್ನುವ ಈ ತಯಾರಿಗೆ ಕನ್ನಡದಲ್ಲಿ ‘ನಿಲುಮಟ್ಟ’ ಎನ್ನಬಹುದು. ಕೋಣೆಯಲ್ಲಿ ಕಟ್ಟಿದ ಉಯ್ಯಾಲೆಯಂತೆ ಇದು. ನೆಲ ಸೊನ್ನೆ ವೋಲ್ಟು, ತಾರಸಿ ಒಂಬತ್ತು ವೋಲ್ಟು. ಮಣೆ ನಡುವೆ, ನಾಲ್ಕೂವರೆಯ ಹತ್ತಿರ ತೂಗುತ್ತಿದ್ದರೆ ಎರಡೂ ಕಡೆ ಜಾಗ ಸಿಗುತ್ತದೆ. ಜೋರಾಗಿ ಜೀಕಿದರೆ ತಲೆ ತಾರಸಿಗೂ ಕಾಲು ನೆಲಕ್ಕೂ ಬಡಿಯುತ್ತವೆ. ಅಲೆಯ ದುಂಡನೆಯ ನೆತ್ತಿ ಚಪ್ಪಟೆಯಾಗುತ್ತದೆ. ಫಝ್‌ನ ಗರಗರ ಎಂದರೆ ಈ ಚಪ್ಪಟೆ ನೆತ್ತಿಯೇ. ಮಣೆಯನ್ನು ನೆಲಕ್ಕೋ ತಾರಸಿಗೋ ಅಂಟಿಸಿಬಿಟ್ಟರೆ ಮಾತ್ರ ಉಯ್ಯಾಲೆಯೇ ಇಲ್ಲ. ಆಗ ಗರಗರವೂ ಇಲ್ಲ, ಬರೀ ಮೌನ. ಒಂದೊಮ್ಮೆ ಸದ್ದು ಬಂದರೂ ಬ್ಯಾಟರಿ ಸತ್ತ ಆಟಿಕೆಯಂತೆ ಕೀರಲು ದನಿ ಬಂದು ನಿಂತುಹೋಗುತ್ತದೆ.

ಅಂದರೆ ಪೆಡಲಿನ ಒಂದೇ ತಂತಿಯಲ್ಲಿ ಎರಡು ಸಂಗತಿಗಳು ಒಟ್ಟಿಗೆ ಇರುತ್ತವೆ: ಅಲುಗದೆ ನಿಂತ ಒತ್ತಡ, ಅದರ ಮೇಲೆ ಸವಾರಿ ಮಾಡುವ ಸದ್ದಿನ ಅಲೆ. ಮೊದಲನೆಯದನ್ನು ವೋಲ್ಟು ಅಳೆಯುವ ಮಲ್ಟಿಮೀಟರು ಕಾಣುತ್ತದೆ, ಕಿವಿ ಕೇಳುವುದಿಲ್ಲ. ಎರಡನೆಯದನ್ನು ಕಿವಿ ಕೇಳುತ್ತದೆ, ಸಾಧಾರಣ ಮೀಟರು ಕಾಣುವುದಿಲ್ಲ. ಕೆಟ್ಟ ಪೆಡಲಿನ ಮುಂದೆ ಗಂಟೆಗಟ್ಟಲೆ ಕೂತು ಸೋಲುವವರು ಸಾಮಾನ್ಯವಾಗಿ ಸೋಲುವುದು ಈ ಎರಡನ್ನೂ ಒಂದೇ ಎಂದು ಹುಡುಕುವುದರಿಂದ. ಪೆಡಲಿನ ಮೇಲಿನ ಎಲ್‌ಇಡಿ ದೀಪ ಅದಕ್ಕೆ ಇನ್ನಷ್ಟು ಕುಮ್ಮಕ್ಕು ಕೊಡುತ್ತದೆ. ದೀಪ ಹೊತ್ತಿದ್ದು ದೀಪದವರೆಗೆ ಕರೆಂಟು ಬಂದದ್ದಕ್ಕೆ ಸಾಕ್ಷಿ, ಸದ್ದು ದಾಟಿದ್ದಕ್ಕಲ್ಲ.

ಡಬ್ಬಿಯ ಹೊಸ್ತಿಲಲ್ಲೇ ಕಾಣುವ ತಪ್ಪುಗಳು

ಸರ್ಕೀಟನ್ನು ಬೈಯುವ ಮೊದಲು ಪೆಡಲನ್ನು ‘ಆಫ್’ ಮಾಡಿ ಗಿಟಾರ್ ನುಡಿಸಿ ನೋಡಬೇಕು. ಆಫ್ ಇದ್ದಾಗ ಸದ್ದು ಸರ್ಕೀಟನ್ನು ಮುಟ್ಟದೆ ಕಾಲೊತ್ತು ಸ್ವಿಚ್ಚಿನ ಮೂಲಕ ನೇರ ಆಚೆ ಹೋಗುತ್ತದೆ. ಆಗಲೂ ಮೌನವೇ ಆದರೆ ತಪ್ಪಿರುವುದು ಜ್ಯಾಕಿನಲ್ಲೋ ಸ್ವಿಚ್ಚಿನಲ್ಲೋ. ಒಂಬತ್ತು ಕಾಲಿನ ಈ ಸ್ವಿಚ್ಚು ಚೌಕಾಕಾರ. ಕಾಲು ಸುತ್ತಿನಷ್ಟು ತಿರುಗಿಸಿ ಕೂರಿಸಿದರೂ ಡಬ್ಬಿಯಲ್ಲಿ ಸರಿಯಾಗಿಯೇ ಕೂರುತ್ತದೆ, ಆದರೆ ಒಳಗಿನ ಜೋಡಣೆಯೆಲ್ಲ ತಲೆಕೆಳಗು. ಕಾಲಿನ ಚಪ್ಪಟೆ ತಗಡುಗಳು ಯಾವ ದಿಕ್ಕಿಗಿವೆ ಎಂದು ನೋಡುವುದೇ ಪರಿಹಾರ.

ಗಿಟಾರಿನ ವೈರು ಚುಚ್ಚುವ ಒಳಜ್ಯಾಕು ಸ್ಟೀರಿಯೊ ಆಗಿರುವುದಕ್ಕೂ ಕಾರಣವಿದೆ. ಗಿಟಾರಿನ ವೈರು ಮೋನೊ. ಅದರ ಪಿನ್ನಿನ ಉದ್ದನೆಯ ಕುತ್ತಿಗೆ ಜ್ಯಾಕಿನ ಎರಡು ಎಲೆಗಳನ್ನು ಒಂದಾಗಿಸಿ ಬ್ಯಾಟರಿಯ ಮೈನಸ್ಸನ್ನು ನೆಲಕ್ಕೆ ಸೇರಿಸುತ್ತದೆ. ವೈರು ಕಿತ್ತರೆ ಬ್ಯಾಟರಿ ತಾನೇ ಆಫ್. ಈ ಉಪಾಯ ಗೊತ್ತಿಲ್ಲದೆ ಮೋನೊ ಜ್ಯಾಕು ಹಾಕಿದರೆ ಒಂದೋ ಪೆಡಲ್ ಹೊತ್ತುವುದೇ ಇಲ್ಲ, ಇಲ್ಲವೇ ಬ್ಯಾಟರಿ ರಾತ್ರಿಯಿಡೀ ಸುರಿದುಹೋಗುತ್ತದೆ.

ಅಡಾಪ್ಟರಿನದು ಇನ್ನೂ ದೊಡ್ಡ ಗಂಡಾಂತರ. ಪೆಡಲುಗಳಲ್ಲಿ ಪಿನ್ನಿನ ನಡುಭಾಗ ಮೈನಸ್ ಇರುವುದು ವಾಡಿಕೆ. ಮನೆಯಲ್ಲಿ ಬಿದ್ದಿರುವ ರೌಟರಿನದೋ ಸೆಟ್‌ಟಾಪ್ ಬಾಕ್ಸಿನದೋ ಅಡಾಪ್ಟರಿನಲ್ಲಿ ಸಾಮಾನ್ಯವಾಗಿ ನಡುಭಾಗ ಪ್ಲಸ್, ವೋಲ್ಟು ಹನ್ನೆರಡು. ಪಿನ್ನು ಮಾತ್ರ ಹದವಾಗಿ ಕೂರುತ್ತದೆ! ಹೀಗೆ ತಿರುಗುಮುರುಗಾಗಿ ಕೊಟ್ಟ ಕರೆಂಟಿಗೆ ಟ್ರಾನ್ಸಿಸ್ಟರೂ ಡ್ರಮ್ಮಿನಾಕಾರದ ಎಲೆಕ್ಟ್ರೊಲಿಟಿಕ್ ಕೆಪಾಸಿಟರೂ ಬಲಿಯಾಗಬಹುದು.

ಮೀಟರಿನ ಸುತ್ತು

ಹೊಸ್ತಿಲು ದಾಟಿದ ಮೇಲೆ ಮೀಟರಿನ ಸರದಿ. ಕಪ್ಪು ಕಡ್ಡಿಯನ್ನು ನೆಲಕ್ಕೆ ಕಚ್ಚಿಸಿ, ಕೆಂಪು ಕಡ್ಡಿಯಿಂದ ಎರಡೂ ಟ್ರಾನ್ಸಿಸ್ಟರುಗಳ ಆರು ಕಾಲುಗಳನ್ನು ಒಂದೊಂದಾಗಿ ಮುಟ್ಟಿ ಕಾಗದದ ಮೇಲೆ ಬರೆದುಕೊಳ್ಳಬೇಕು. ನೆನಪಿನಲ್ಲಿ ಇಟ್ಟುಕೊಳ್ಳುವ ಧೈರ್ಯ ಬೇಡ. ಸಿಲಿಕಾನ್ ಟ್ರಾನ್ಸಿಸ್ಟರಿನ ಫಝ್‌ನಲ್ಲಿ ಮೊದಲನೆಯದರ ಬೇಸಿನಲ್ಲಿ 0.6 ವೋಲ್ಟಿನ ಆಸುಪಾಸು, ಕಲೆಕ್ಟರಿನಲ್ಲಿ 1.3ರ ಹತ್ತಿರ ಬರಬೇಕು. ಆ ಕಲೆಕ್ಟರು ಎರಡನೆಯದರ ಬೇಸಿಗೆ ನೇರ ಸೇರಿದೆ. ಎರಡನೆಯದರ ಕಲೆಕ್ಟರಿನಲ್ಲಿ ನಾಲ್ಕೂವರೆ ಬಂದರೆ ಒಳ್ಳೆಯದು. ಜರ್ಮೇನಿಯಂಗೆಂದು ಆರಿಸಿದ 8.2 ಕಿಲೊ ಓಮಿನ ರೆಸಿಸ್ಟರನ್ನೇ ಸಿಲಿಕಾನಿಗೂ ಹಾಕಿದರೆ ಇದು ಮೂರು ವೋಲ್ಟಿಗೆ ಇಳಿಯುವುದುಂಟು. ಅದಕ್ಕೆ ಆ ಜಾಗದಲ್ಲಿ ತಿರುಗಿಸಿ ಹೊಂದಿಸುವ ‘ಪ್ರಿಸೆಟ್’ ಹಾಕುವುದು ವಾಸಿ.

ಈ ಎರಡು ಟ್ರಾನ್ಸಿಸ್ಟರುಗಳ ನಡುವಿನ ನೆಂಟಸ್ತಿಕೆ ಮಹಡಿಯ ಮೇಲಿನ ನೀರಿನ ಟ್ಯಾಂಕಿನದು. ಟ್ಯಾಂಕಿನಲ್ಲಿ ನೀರು ಏರಿದರೆ ತೇಲುವ ಚೆಂಡು ಏರುತ್ತದೆ, ಚೆಂಡು ವಾಲ್ವನ್ನು ಮುಚ್ಚುತ್ತದೆ. ನೀರು ಇಳಿದರೆ ವಾಲ್ವು ತೆರೆಯುತ್ತದೆ. ಎರಡನೆಯ ಟ್ರಾನ್ಸಿಸ್ಟರು ಹೆಚ್ಚು ಕರೆಂಟು ಹರಿಸಿದರೆ ಅದರ ಎಮಿಟರಿನ ಒತ್ತಡ ಏರುತ್ತದೆ. ಒಂದು ಲಕ್ಷ ಓಮಿನ ರೆಸಿಸ್ಟರಿನ ಮೂಲಕ ಆ ಸುದ್ದಿ ಹಿಂದಿರುಗಿ ಮೊದಲನೆಯದರ ಬೇಸಿಗೆ ಮುಟ್ಟುತ್ತದೆ. ಮೊದಲನೆಯದು ಇನ್ನಷ್ಟು ತೆರೆದು ಎರಡನೆಯದರ ಬೇಸನ್ನು ಕೆಳಗೆಳೆಯುತ್ತದೆ. ಹೀಗೆ ಎರಡೂ ಒಂದನ್ನೊಂದು ಹದ್ದುಬಸ್ತಿನಲ್ಲಿಟ್ಟು ನಿಲುಮಟ್ಟ ಕಾಯುತ್ತವೆ. ಸರ್ಕೀಟು ಚೆನ್ನಾಗಿರುವಾಗ ಇದು ವರ. ಕೆಟ್ಟಾಗ ಮಾತ್ರ ತಲೆನೋವು, ಏಕೆಂದರೆ ಎಲ್ಲೋ ಒಂದು ಕಡೆ ತಪ್ಪಾದರೆ ಆರೂ ಕಾಲುಗಳ ಲೆಕ್ಕ ಏರುಪೇರಾಗುತ್ತದೆ. ತಪ್ಪು ಅಳತೆ ತೋರಿಸಿದ ಜಾಗವೇ ತಪ್ಪಿತಸ್ಥ ಎನ್ನುವ ಹಾಗಿಲ್ಲ.

ಒಂದು ಪ್ರಕರಣ ನೋಡಬಹುದು. ಕಾಗದದ ಮೇಲೆ ಬರೆದದ್ದು: ಮೊದಲನೆಯದರ ಬೇಸ್ ಸೊನ್ನೆ, ಕಲೆಕ್ಟರ್ ಸೊನ್ನೆ, ಎರಡನೆಯದರ ಬೇಸ್ ಸೊನ್ನೆ, ಎಮಿಟರ್ ಸೊನ್ನೆ, ಕಲೆಕ್ಟರ್ 8.9. ತಾರಸಿಗೆ ಅಂಟಿದ ಮಣೆ. ಹೊಸಬರು ಎರಡನೆಯ ಟ್ರಾನ್ಸಿಸ್ಟರು ಸುಟ್ಟಿದೆ ಎಂದು ಅದನ್ನು ಕಿತ್ತು ಬೇರೆ ಹಾಕುತ್ತಾರೆ. ಲೆಕ್ಕ ಒಂದಿಷ್ಟೂ ಬದಲಾಗುವುದಿಲ್ಲ. ಸುಳಿವು ಇರುವುದು ಮೊದಲನೆಯದರಲ್ಲಿ. ಅದರ ಬೇಸ್ ಸೊನ್ನೆ ಎಂದರೆ ಆ ನಲ್ಲಿ ಬಿಗಿಯಾಗಿ ಮುಚ್ಚಿದೆ. ಬ್ಯಾಟರಿಯಿಂದ 33 ಕಿಲೊ ಓಮಿನ ರೆಸಿಸ್ಟರಿನ ಮೂಲಕ ಇಳಿದು ಬರುವ ಕರೆಂಟಿಗೆ ಹೋಗಲು ಜಾಗವಿಲ್ಲದೆ ಕಲೆಕ್ಟರಿನ ಒತ್ತಡ ಏರಬೇಕಿತ್ತು. ನಲ್ಲಿ ಮುಚ್ಚಿದೆ, ಆದರೂ ಪೈಪಿನಲ್ಲಿ ಒತ್ತಡವಿಲ್ಲ. ಇದಕ್ಕೆ ಎರಡೇ ಕಾರಣ: ಮೇಲಿನಿಂದ ನೀರೇ ಬರುತ್ತಿಲ್ಲ, ಇಲ್ಲವೇ ಬಂದದ್ದು ಬೇರೆಲ್ಲೋ ಸೋರುತ್ತಿದೆ. ಬ್ಯಾಟರಿ ಕಿತ್ತು, ಮೀಟರನ್ನು ಬೀಪ್ ಸದ್ದಿಗೆ ತಿರುಗಿಸಿ, ಕಲೆಕ್ಟರಿಗೂ ನೆಲಕ್ಕೂ ಕಡ್ಡಿ ಇಟ್ಟರೆ ಬೀಪ್! ಬೋರ್ಡನ್ನು ತಿರುಗಿಸಿ ಟ್ಯೂಬ್‌ಲೈಟಿಗೆ ಅಡ್ಡ ಹಿಡಿದರೆ ಕಾಣುತ್ತದೆ: ಎರಡು ತಾಮ್ರದ ಪಟ್ಟಿಗಳ ನಡುವೆ ಸೀಸದ ಒಂದು ಎಳೆ, ರೆಪ್ಪೆಗೂದಲಿನಷ್ಟು. ಬ್ಲೇಡಿನ ತುದಿಯಿಂದ ಗೀರಿದರೆ ಮುಗಿಯಿತು.

ಬೀಪ್ ಬಾರದಿದ್ದರೆ ರೆಸಿಸ್ಟರಿನ ಕಡೆ ನೋಡಬೇಕು. 33 ಕಿಲೊ ಓಮಿಗೆ ಮೂರೂ ಪಟ್ಟಿ ಕಿತ್ತಳೆ. ನೀಲಿ ಮೈಯ ಹೊಸ ರೆಸಿಸ್ಟರುಗಳ ಮೇಲೆ, ರಾತ್ರಿ ಹೊತ್ತಿನಲ್ಲಿ, ಕಿತ್ತಳೆ, ಕೆಂಪು, ಕಂದು ಮೂರೂ ಒಂದೇ ತರ ಕಾಣುತ್ತವೆ. ಬೆಸೆಯುವ ಮೊದಲು ಮೀಟರಿಗೆ ಹಿಡಿದು ನೋಡಿದರೆ ಅರ್ಧ ಗಂಟೆ ಉಳಿಯುತ್ತದೆ.

ಟ್ರಾನ್ಸಿಸ್ಟರು ನಿಜವಾಗಿ ಸುಟ್ಟಿರುವುದಕ್ಕಿಂತ ತಿರುಗುಮುರುಗು ಕೂತಿರುವುದೇ ಹೆಚ್ಚು. ಬಿಸಿ 547ರ ಚಪ್ಪಟೆ ಮುಖ ನೋಡುವವರ ಕಡೆಗಿದ್ದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಪಕ್ಕದ ಡಬ್ಬಿಯಲ್ಲಿರುವ, ನೋಡಲು ಅವಳಿಯಂತಿರುವ 2ಎನ್ 3904ರಲ್ಲಿ ಸರಿಯಾಗಿ ಅದರ ಉಲ್ಟಾ. ಅಂಗಡಿಯವರು ‘ಅದಿಲ್ಲ, ಇದೂ ಅದೇ’ ಎಂದು ಕೊಟ್ಟರೆ ಅದು ನಿಜವೇ, ಕಾಲುಗಳ ವಿಚಾರವೊಂದನ್ನು ಬಿಟ್ಟು.

ಸದ್ದಿನ ಬೆನ್ನು ಹತ್ತುವ ಕಡ್ಡಿ

ಎಲ್ಲ ಒತ್ತಡಗಳೂ ಸರಿಯಿದ್ದು ಪೆಡಲ್ ಇನ್ನೂ ಮೂಕವಾಗಿದ್ದರೆ ಅಲೆಯ ಜಾಡು ಹಿಡಿಯಬೇಕು. ಆರಂಭದಲ್ಲಿ ಕಂಡ ಬೆರಳು ಇಲ್ಲಿ ಮತ್ತೆ ಬರುತ್ತದೆ. ಪೆಡಲನ್ನು ಆಂಪ್ಲಿಫೈಯರ್‌ಗೆ ಜೋಡಿಸಿ, ಔಟ್‌ಪುಟ್ಟಿನ ಕಡೆಯಿಂದ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಬೆರಳಿಡುತ್ತ ಬಂದರೆ, ಗುಂಯ್ ಎಲ್ಲಿ ನಿಲ್ಲುತ್ತದೋ ಅಲ್ಲಿಗೂ ಅದಕ್ಕೆ ಮೊದಲು ಮುಟ್ಟಿದ ಮೆಟ್ಟಿಲಿಗೂ ನಡುವೆ ದಾರಿ ಕಡಿದಿದೆ. ಬೆರಳು ದಪ್ಪ, ಬೋರ್ಡು ಚಿಕ್ಕದು ಎನ್ನುವುದೊಂದೇ ತೊಡಕು.

ಇದನ್ನೇ ತಿರುಗಿಸಿದರೆ ಇನ್ನೂ ಒಳ್ಳೆಯ ಉಪಕರಣ ಸಿಗುತ್ತದೆ. ಆಂಪ್ಲಿಫೈಯರಿನಿಂದ ಬಂದ ವೈರಿನ ತುದಿ ಬಿಚ್ಚಿ, ಹೊರಜಾಲರಿಯನ್ನು ಸರ್ಕೀಟಿನ ನೆಲಕ್ಕೆ ಕಚ್ಚಿಸಿ, ಒಳತಂತಿಗೆ ‘104’ ಎಂದು ಬರೆದಿರುವ ಕೆಪಾಸಿಟರ್ ಬೆಸೆಯಬೇಕು. 104 ಎಂದರೆ ನೂರಾ ನಾಲ್ಕಲ್ಲ. ಹತ್ತರ ಮುಂದೆ ನಾಲ್ಕು ಸೊನ್ನೆ, ಅಂದರೆ ಒಂದು ಲಕ್ಷ ಪಿಕೊಫ್ಯಾರಡ್. ಆ ರಬ್ಬರ್ ಹಾಳೆಯಿಂದಾಗಿ ಸರ್ಕೀಟಿನ ನಿಂತ ಒತ್ತಡ ಈಚೆ ಬಾರದು, ಅಲೆ ಮಾತ್ರ ಬರುತ್ತದೆ. ಇದಕ್ಕೆ ‘ಸದ್ದುಗಡ್ಡಿ’ ಎಂದು ಹೆಸರಿಡಬಹುದು. ಪೆಡಲಿನ ಬಾಯಿಗೆ ಬಿಡದೆ ಸದ್ದು ಊಡಬೇಕಲ್ಲ, ಅದಕ್ಕೆ ಮೊಬೈಲಿನ ತಂಬೂರಿ ಆ್ಯಪ್ ಸಾಕು: ಎರಡೂ ಕೈ ಬಿಡುವಾಗಿರುತ್ತವೆ, ಶ್ರುತಿ ನಿಲ್ಲುವುದಿಲ್ಲ. ಆಂಪ್ಲಿಫೈಯರಿನ ವಾಲ್ಯೂಮ್ ತಗ್ಗಿಸಿಟ್ಟು ಕಡ್ಡಿಯನ್ನು ಒಳಜ್ಯಾಕು, ಮೊದಲ ಕೆಪಾಸಿಟರಿನ ಈಚೆ, ಆಚೆ, ಮೊದಲ ಕಲೆಕ್ಟರು, ಎರಡನೆಯ ಕಲೆಕ್ಟರು ಎಂದು ದಾರಿಯುದ್ದಕ್ಕೂ ಊರುತ್ತ ಹೋಗಬೇಕು. ತಂಬೂರಿ ತಂಬೂರಿಯಾಗಿ ಕೇಳಿ, ಆಮೇಲೆ ಗರಗರವಾಗಿ, ಎಲ್ಲೋ ಒಂದು ಕಡೆ ಥಟ್ಟನೆ ನಿಲ್ಲುತ್ತದೆ. ಅಲ್ಲಿರುವುದು ಬಹುಮಟ್ಟಿಗೆ ‘ಡ್ರೈ ಸೋಲ್ಡರ್’. ಸೀಸ ಕರಗಿದೆ, ಆದರೆ ಕಾಲು ಕಾಯದೇ ಇದ್ದದ್ದರಿಂದ ಅದನ್ನು ಹಿಡಿದಿಲ್ಲ. ಒಳ್ಳೆಯ ಬೆಸುಗೆ ಕಾಲಿನ ಬುಡಕ್ಕೆ ಹರಡಿ ಹೊಳೆಯುತ್ತದೆ, ಕೆಟ್ಟದ್ದು ಮಂಕಾಗಿ ಗುಂಡಗೆ ಮುದ್ದೆಯಾಗಿರುತ್ತದೆ. ಕಣ್ಣಿಗೆ ಕಾಣದಿದ್ದರೆ ಉರಿದು ಉಳಿದ ಊದುಬತ್ತಿಯ ಬಿದಿರು ಕಡ್ಡಿಯಿಂದ ಒಂದೊಂದೇ ಬೆಸುಗೆಯನ್ನು ಮೆಲ್ಲಗೆ ತಟ್ಟಬೇಕು. ಕರೆಂಟು ಹರಿಸದ, ತುದಿ ಚೂಪಾದ ಕಡ್ಡಿ ಇದಕ್ಕಿಂತ ಬೇರೆ ಬೇಕಿಲ್ಲ. ತಟ್ಟಿದಾಗ ಸ್ಪೀಕರ್ ‘ಕರ್’ ಎಂದ ಜಾಗವನ್ನು ಮತ್ತೆ ಬೆಸೆದರೆ ಸಾಕು.

ಕರೆಯದೆ ಬರುವ ಸದ್ದುಗಳು

ಮಾತು ಬಂದ ಪೆಡಲ್ ಕೆಲವೊಮ್ಮೆ ಬೇಡದ್ದನ್ನೂ ಮಾತಾಡುತ್ತದೆ. ಫಝ್ ಸಣ್ಣ ಸದ್ದನ್ನು ನೂರಾರು ಪಟ್ಟು ಎತ್ತುವುದರಿಂದ ಅಕ್ಕಪಕ್ಕದ ಮೋಟಾರು, ವೆಲ್ಡಿಂಗು, ಟ್ಯೂಬ್‌ಲೈಟಿನ ಚೋಕು ಎಲ್ಲವೂ ಒಳಬರುತ್ತವೆ. ಪೀಣ್ಯದ ಅಂಚಿನಲ್ಲಿ ಇದಕ್ಕೆ ಬರವಿಲ್ಲ. ಕೀಳುದರ್ಜೆಯ ಅಡಾಪ್ಟರಿನಿಂದ ಸೆಕೆಂಡಿಗೆ 100 ಸಲದ ಗುಂಯ್ ಬರುವುದುಂಟು. ಗಿಟಾರಿನ ದಪ್ಪ ತಂತಿಯ ಮೂರನೇ ಮನೆಯ ಸ್ವರ 98, ಹಾಗಾಗಿ ಅದು ಹಾಡಿನೊಳಗೇ ಸೇರಿಕೊಂಡು ಕಾಡುತ್ತದೆ. ಬ್ಯಾಟರಿ ಹಾಕಿದಾಗ ನಿಂತರೆ ಅಡಾಪ್ಟರಿನ ತಪ್ಪು. ಗಿಟಾರಿನ ತಂತಿ ಮುಟ್ಟಿದಾಗ ನಿಂತರೆ ತಂತಿಗಳು ನೆಲಕ್ಕೆ ಸರಿಯಾಗಿ ಸೇರಿವೆ ಎಂದರ್ಥ: ಮೈಯಲ್ಲಿದ್ದ ತೂಗಾಟ ನೆಲಕ್ಕಿಳಿಯಿತು, ಅದುವರೆಗೆ ಗುಂಯ್ ಹರಡುತ್ತಿದ್ದ ಮೈಯೇ ಈಗ ತಡೆಗೋಡೆ. ಮುಟ್ಟಿದಾಗ ಜುಮ್ಮೆಂದರೆ ಮಾತ್ರ ಅದು ಪೆಡಲಿನ ವಿಷಯವಲ್ಲ. ಮನೆಯ ಅರ್ಥಿಂಗನ್ನು ಎಲೆಕ್ಟ್ರೀಷಿಯನ್‌ಗೆ ತೋರಿಸಬೇಕು.

ಫಝ್‌ನಿಂದ ರೇಡಿಯೊ ಕೇಳಿಬರುವುದು ಕಟ್ಟುಕತೆಯಲ್ಲ. ಬೆಂಗಳೂರು ಆಕಾಶವಾಣಿಯ 612 ಕಿಲೊಹರ್ಟ್ಜ್‌ನಂಥ ಮಧ್ಯಮ ತರಂಗದಲ್ಲಿ ಮಾತು-ಹಾಡುಗಳು ಅಲೆಯ ಎತ್ತರದ ಏರಿಳಿತವಾಗಿ ಅಡಗಿರುತ್ತವೆ. ಟ್ರಾನ್ಸಿಸ್ಟರಿನ ಬೇಸ್ ಒಂದೇ ದಿಕ್ಕಿಗೆ ಸಲೀಸಾಗಿ ಕರೆಂಟು ಬಿಡುವುದರಿಂದ ಅಲೆಯ ಅರ್ಧ ಭಾಗ ಕತ್ತರಿಸಿ, ಆ ಏರಿಳಿತವಷ್ಟೇ ಉಳಿಯುತ್ತದೆ. ಹಳೆಯ ರೇಡಿಯೊಗಳು ಮಾಡುತ್ತಿದ್ದದ್ದೂ ಇದನ್ನೇ. ಒಳಜ್ಯಾಕಿನಿಂದ ಬೋರ್ಡಿಗೆ ಜಾಲರಿ ವೈರು ಹಾಕಿ, ಬಾಯಿಗೂ ನೆಲಕ್ಕೂ ನಡುವೆ 100 ಪಿಕೊಫ್ಯಾರಡ್ಡಿನ ಪುಟ್ಟ ಕೆಪಾಸಿಟರ್ ಇಟ್ಟರೆ ವಾರ್ತೆ ನಿಲ್ಲುತ್ತದೆ.

ಜರ್ಮೇನಿಯಂ ಹಾಕಿದವರಿಗೆ ಬಿಸಿಲಿನ ಕಾಟವೂ ಇದೆ. ಮುಚ್ಚಿದ ನಲ್ಲಿ ತೊಟ್ಟಿಕ್ಕುವಂತೆ ಈ ಟ್ರಾನ್ಸಿಸ್ಟರುಗಳು ಸೋರುತ್ತವೆ. ತಾಪ ಹತ್ತು ಡಿಗ್ರಿ ಏರಿದರೆ ಸೋರಿಕೆ ಸುಮಾರು ಇಮ್ಮಡಿ. ಬೆಳಗ್ಗೆ ಚೆನ್ನಾಗಿದ್ದ ಪೆಡಲ್ ಮಧ್ಯಾಹ್ನ ಕಾರಿನೊಳಗಿಂದ ತೆಗೆದಾಗ ಕೆಮ್ಮಿದರೆ ಬೆಸುಗೆ ಹುಡುಕಬೇಕಿಲ್ಲ, ನೆರಳಲ್ಲಿಟ್ಟರೆ ಆಯಿತು. ಎಸಿ 128ರಂಥ ಜರ್ಮೇನಿಯಂ ಟ್ರಾನ್ಸಿಸ್ಟರುಗಳ ಸರ್ಕೀಟಿನಲ್ಲಿ ಬ್ಯಾಟರಿಯ ಪ್ಲಸ್ಸೇ ನೆಲ ಎಂಬುದನ್ನೂ ಮರೆಯಬಾರದು. ಉಳಿದ ಪೆಡಲುಗಳ ಜೊತೆ ಒಂದೇ ಅಡಾಪ್ಟರಿಗೆ ಕಟ್ಟಿದರೆ ಪ್ಲಸ್-ಮೈನಸ್ ಮುಖಾಮುಖಿಯಾಗಿ ಶಾರ್ಟ್ ಆಗುತ್ತದೆ.

ಡಬ್ಬಿ ಮುಚ್ಚಿದ ಮೇಲೆ

ಮೇಜಿನ ಮೇಲೆ ಹಾಡಿದ ಸರ್ಕೀಟು ಡಬ್ಬಿಯ ಸ್ಕ್ರೂ ಬಿಗಿದೊಡನೆ ಸಾಯುವುದು ಎಷ್ಟು ಮಾಮೂಲಿಯೆಂದರೆ ಅದನ್ನು ಕಟ್ಟುವ ಕೊನೆಯ ಹಂತವೆಂದೇ ಎಣಿಸಬಹುದು. ಅಲ್ಯೂಮಿನಿಯಂ ಡಬ್ಬಿ ಇಡಿಯಾಗಿ ನೆಲಕ್ಕೆ ಸೇರಿರುತ್ತದೆ. ಹೊರಗಿನ ಗುಂಯ್ ತಡೆಯಲು ಅದು ಬೇಕು. ಅದರೊಳಗೆ ಬೋರ್ಡಿನ ಬೆನ್ನಿನ ಯಾವುದೇ ಮೊನೆ ತಾಗಿದರೂ ಅದು ಸೊನ್ನೆ ವೋಲ್ಟಿಗೆ ಬೀಳುತ್ತದೆ. ಸಾಮಾನ್ಯವಾಗಿ ಸಿಕ್ಕಿಬೀಳುವವು ಮೂರು: ತಿರುಗಿಸುವ ಗುಂಡಿಯ ಕೆಳಗಿನ ಪೊಟೆನ್ಷಿಯೋಮೀಟರಿನ ಲೋಹದ ಬೆನ್ನಿಗೆ ಒರಗಿದ ಬೋರ್ಡು, ಪಿನ್ನು ಚುಚ್ಚಿದಾಗ ಬಾಗಿ ಗೋಡೆಗೆ ತಾಗುವ ಜ್ಯಾಕಿನ ಎಲೆ, ಉದ್ದ ಉಳಿಸಿದ ರೆಸಿಸ್ಟರಿನ ಕಾಲು. ಜ್ಯಾಕಿನ ಎಲೆಯದು ಬಹಳ ವಂಚಕ, ಏಕೆಂದರೆ ವೈರು ಕಿತ್ತು ಡಬ್ಬಿ ತೆರೆದಾಗ ಎಲೆ ನೆಟ್ಟಗೆ ನಿಂತಿರುತ್ತದೆ, ಏನೂ ಆಗೇ ಇಲ್ಲವೆಂಬಂತೆ. ಆದ್ದರಿಂದ ಎರಡೂ ವೈರು ಚುಚ್ಚಿಯೇ ಒಳಗೆ ನೋಡಬೇಕು. ಕಾಲುಗಳನ್ನು ಗಿಡ್ಡಗೆ ಕತ್ತರಿಸಿ, ಬೋರ್ಡಿನ ಬೆನ್ನಿಗೆ ಊದುಬತ್ತಿ ಪೊಟ್ಟಣದ ರಟ್ಟನ್ನು ಅಳತೆಗೆ ಕತ್ತರಿಸಿಟ್ಟು ಮುಚ್ಚಳ ಹಾಕಿದರೆ ಸಾಕಾಗುತ್ತದೆ.